ಮೂರನೇ ಪಂಪಿನ ಎಂಬತ್ತು

ನನ್ನ ಭಾವ ಸುಳ್ಳು ಹೇಳುವ ಜನ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅನುಮಾನ ಬೇಡ. ಅವರಿಗೆ ಸುಳ್ಳು ಹೇಳಲು ಬಂದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಿರಲು ಬಂದಿದ್ದರೆ ಅವರ ಗೆಳೆಯ ಉಳಿಯುತ್ತಿದ್ದ. ಎರಡೂ ಬರಲಿಲ್ಲ.

ಅವರು ನನ್ನ ಅಕ್ಕನ ಗಂಡ. ಬಟ್ಟೆ ಒಗೆಯುವ ಪುಡಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪಂಪ್ ಫಿಟ್ಟರ್ ಆಗಿದ್ದರು. ಗಿಡ್ಡ ಆಳು, ಮಣಿಕಟ್ಟು ಮಾತ್ರ ದಪ್ಪ. ಏನು ಕೇಳಿದರೂ ಉತ್ತರ ಕೊಡುವ ಮೊದಲು ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯಿಂದ ಎರಡೂ ಕೈ ಒರೆಸಿಕೊಳ್ಳುತ್ತಿದ್ದರು. "ಊಟ ಆಯ್ತಾ ಭಾವ?" ಎಂದರೂ ಅಷ್ಟೆ, ಮೊದಲು ಕೈ, ಆಮೇಲೆ ಬಾಯಿ. ಕೆಲಸ ಬಾರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನನ್ನನ್ನು ಅಲ್ಲಿ ವೆಲ್ಡರ್ ಆಗಿ ಸೇರಿಸಿದ್ದೂ ಅವರೇ. "ಭಾಮೈದ ಅಂತ ಸೇರಿಸ್ತಿಲ್ಲ ಕಣೋ, ಕೈ ಚೆನ್ನಾಗಿದೆ ಅಂತ ಸೇರಿಸ್ತಿದ್ದೀನಿ," ಎಂದಿದ್ದರು. ಆ ಮಾತನ್ನು ನಾನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ಬಹಳ ದಿನ ತಿರುಗಾಡಿದೆ.

ಕಾರ್ಖಾನೆಯ ನಡುವೆ ಆರು ಮಹಡಿ ಎತ್ತರದ ಟವರು. ಕೆಳಗೆ ದೊಡ್ಡ ತೊಟ್ಟಿಯಲ್ಲಿ ಸಾಬೂನಿನ ಗಟ್ಟಿ ದ್ರಾವಣ ಹಬೆಯಾಡುತ್ತಿರುತ್ತದೆ. ನಾವು ಅದನ್ನು ಗಂಜಿ ಎನ್ನುತ್ತಿದ್ದೆವು. ಪಂಪು ಆ ಬಿಸಿ ಗಂಜಿಯನ್ನು ಎಂಬತ್ತು ಕೆಜಿ ಒತ್ತಡದಲ್ಲಿ ಟವರಿನ ತುದಿಗೆ ನೂಕುತ್ತದೆ. ಅಲ್ಲಿ ಅದು ಸಣ್ಣ ತೂತುಗಳಿಂದ ಚಿಮ್ಮಿ, ಬಿಸಿಗಾಳಿಯಲ್ಲಿ ಒಣಗಿ, ಪುಡಿಯಾಗಿ ಉದುರುತ್ತದೆ. ಆ ಪುಡಿ ನಮ್ಮ ಹುಬ್ಬಿನಲ್ಲಿ, ಕಿವಿಯಲ್ಲಿ, ಬುತ್ತಿಯ ಡಬ್ಬಿಯ ಮುಚ್ಚಳದಲ್ಲಿ. ಮಳೆ ಬಂದ ದಿನ ಛತ್ರಿಯಿಲ್ಲದೆ ಮನೆಗೆ ಹೊರಟವನ ಹೆಗಲ ಮೇಲೆ ನೊರೆ ಏಳುತ್ತಿತ್ತು. "ನಮ್ಮನೆ ಗಂಡಸರಿಗೆ ಸ್ನಾನಕ್ಕೆ ಬರೀ ನೀರು ಸಾಕು," ಎಂದು ಅಕ್ಕ ನಗುತ್ತಿದ್ದಳು. ಆಗ ಅಕ್ಕ ನಗುತ್ತಿದ್ದಳು.

ಈ ಕಥೆಯೆಲ್ಲ ಮೂರನೇ ಪಂಪಿನದು. ಹಳೆಯ ಎರಡು ಸಾಲದೆ ಏಳು ವರ್ಷದ ಹಿಂದೆ ತಂದದ್ದು. ಅದರ ಹೊಟ್ಟೆಯಲ್ಲಿ ಮೂರು ದಂಡಗಳಿವೆ. ಒಂದು ನೂಕಿ ಹಿಂದಕ್ಕೆ ಬರುವಷ್ಟರಲ್ಲಿ ಮುಂದಿನದು ನೂಕುತ್ತದೆ. ಹಾಗಾಗಿ ಗಂಜಿ ಒಂದೇ ಸಮನೆ ಹರಿಯುವುದಿಲ್ಲ, ಬಿಕ್ಕಳಿಸುತ್ತಾ ಹೋಗುತ್ತದೆ. ಆ ಬಿಕ್ಕಳಿಕೆ ಪೈಪನ್ನು ನಡುಗಿಸುತ್ತದೆ. ನಡುಗುವ ಪೈಪು ಒಂದಲ್ಲ ಒಂದು ದಿನ ತನ್ನ ಮೈಯಲ್ಲಿ ಬಡವಾದ ಜಾಗವನ್ನು ಹುಡುಕಿ ಅಲ್ಲಿ ಬಿರಿಯುತ್ತದೆ.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಪಂಪಿನ ಬಾಯಿಗೆ ಹತ್ತಿರದಲ್ಲಿ ಪೈಪಿನ ಮೇಲೆ ಉಕ್ಕಿನ ಗಡಿಗೆಯೊಂದನ್ನು ಕೂರಿಸಿರುತ್ತಾರೆ. ನಕ್ಷೆಯಲ್ಲಿ ಅದರ ಹೆಸರು ಡ್ಯಾಂಪನರ್, ನಮ್ಮ ಬಾಯಲ್ಲಿ ಗಡಿಗೆ. ಗಡಿಗೆಯೊಳಗೆ ರಬ್ಬರಿನ ಚೀಲ, ಚೀಲದ ತುಂಬ ನೈಟ್ರೋಜನ್ ಗ್ಯಾಸು. ಪಂಪು ಜೋರಾಗಿ ನೂಕಿದಾಗ ಚೀಲ ಕುಗ್ಗಿ ಆ ಪೆಟ್ಟನ್ನು ನುಂಗುತ್ತದೆ. ಪಂಪು ಉಸಿರು ತೆಗೆದುಕೊಳ್ಳುವಾಗ ಚೀಲ ಹಿಗ್ಗಿ ನುಂಗಿದ್ದನ್ನು ವಾಪಸ್ ಕೊಡುತ್ತದೆ. ಪೈಪಿಗೆ ಏನೂ ಗೊತ್ತಾಗುವುದಿಲ್ಲ. ಸಿಟ್ಟಿನ ಗಂಡನಿಗೂ ಮಕ್ಕಳಿಗೂ ನಡುವೆ ನಿಂತ ಹೆಂಗಸಿನ ಕೆಲಸ ಅದು. ಆದರೆ ಚೀಲದಲ್ಲಿ ಗ್ಯಾಸು ಐವತ್ತೈದು ಕೆಜಿಯಷ್ಟು ಇರಬೇಕು. ಕಡಿಮೆಯಾದರೆ ಚೀಲ ಮೂಲೆಗೆ ಮುದುಡಿಕೊಳ್ಳುತ್ತದೆ, ಪೆಟ್ಟೆಲ್ಲ ಪೈಪಿಗೆ.

ಇದನ್ನೆಲ್ಲ ನಮಗೆ ಹೇಳಿಕೊಟ್ಟವರೇ ಭಾವ. ಪಂಪು ಬಂದ ಹೊಸದರಲ್ಲಿ ಅವರು ಮ್ಯಾನೇಜರ ಹತ್ತಿರ ಹೋಗಿ, ವಾರಕ್ಕೊಂದು ಸಲ ಪಂಪು ನಿಲ್ಲಿಸಿ ಗಡಿಗೆ ನೋಡಬೇಕು ಎಂದು ಕೇಳಿದರಂತೆ. ಮ್ಯಾನೇಜರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಪಂಪು ನಿಂತರೆ ಗಂಜಿ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ, ಟವರಿನ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ, ತೊಳೆದು ಮತ್ತೆ ಶುರುಮಾಡಲು ಒಂದು ಪಾಳಿಯೇ ಬೇಕು. "ನಿಲ್ಲಿಸೋ ಮಾತು ಬೇಡ. ನಿಲ್ಲಿಸದೆ ನೋಡೋ ದಾರಿ ಹುಡುಕಿ. ನೀವು ಮೇಷ್ಟ್ರಲ್ವಾ?" ಎಂದರಂತೆ.

ಭಾವ ದಾರಿ ಹುಡುಕಿದರು. ಗಡಿಗೆಯ ನೆತ್ತಿಯ ಮೇಲಿನ ಗ್ಯಾಸ್ ಬಾಯಿಗೆ ಸರಿಯಾಗಿ ಕೂರುವ ಹಾಗೆ ತಾವೇ ಒಂದು ಜೋಡಣೆ ಕಡೆದು, ಅದರ ತುದಿಗೆ ಗೇಜು ಕೂರಿಸಿದರು. ಪಂಪು ನಡೆಯುತ್ತಿರುವಾಗಲೇ ಅದನ್ನು ತಿರುಗಿಸಿ ಹಾಕಿ ಓದಬಹುದು. ಪ್ರತಿ ಸೋಮವಾರ ಬೆಳಿಗ್ಗೆ ಓದುತ್ತಿದ್ದರು. ಮುಳ್ಳು ಎಂಬತ್ತು ತೋರಿಸುತ್ತಿತ್ತು. ಐವತ್ತೈದು ಬೇಕಾದ ಕಡೆ ಎಂಬತ್ತು ಇದ್ದರೆ ಯಾರಿಗೆ ತಾನೇ ಬೇಜಾರು? ಪುಸ್ತಕದಲ್ಲಿ ಎಂಬತ್ತು ಎಂದು ಬರೆಯುತ್ತಿದ್ದರು, ಮ್ಯಾನೇಜರು ಕೆಳಗೆ ಸಹಿ ಹಾಕುತ್ತಿದ್ದರು. ಆ ವರ್ಷದ ಕೊನೆಗೆ ಎಲ್ಲರೆದುರು ಭಾವನಿಗೆ ಒಂದು ಕೈಗಡಿಯಾರ ಕೊಟ್ಟರು.

ಆ ಸೋಮವಾರಗಳಲ್ಲಿ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುತ್ತಿದ್ದವನು ಉದ್ದಣ್ಣ. ಟವರ್ ಆಪರೇಟರ್. ಆರಡಿ ಮೂರಂಗುಲದ ಆಸಾಮಿ, ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಗೂನು ಬಂದಿತ್ತು. ಭಾವನ ಜೀವದ ಗೆಳೆಯ. ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಜೊತೆಯಲ್ಲಿ ನಡೆದು ಬರುತ್ತಿದ್ದರೆ ಏಣಿಯೂ ಮಣೆಯೂ ಬಂದ ಹಾಗೆ ಕಾಣುತ್ತಿತ್ತು. ಗೇಜು ಬಿಚ್ಚುವಾಗ ಗಡಿಗೆ 'ಫಸ್' ಎಂದು ಸದ್ದು ಮಾಡುತ್ತಿತ್ತು. "ಸೀನ್ತು ನೋಡೋ ಮೇಷ್ಟ್ರೇ!" ಎನ್ನುತ್ತಿದ್ದ ಉದ್ದಣ್ಣ. ಆಮೇಲೆ ಗಡಿಗೆಯ ನೆತ್ತಿ ತಟ್ಟಿ, "ನೂರು ವರ್ಷ ಬಾಳು ಮಗನೇ," ಎಂದು ಹರಸುತ್ತಿದ್ದ. ವಾರ ವಾರವೂ ಅದೇ ತಮಾಷೆ, ವಾರ ವಾರವೂ ನಾವು ನಗುತ್ತಿದ್ದೆವು.

ಮೂರನೆಯ ವರ್ಷ ಬಿರುಕು ಶುರುವಾಯಿತು. ಪೈಪು ಮೇಲಕ್ಕೆ ತಿರುಗುವ ಕಡೆ, ಪೈಪಿನ ಒತ್ತಡ ತೋರಿಸುವ ಬೇರೊಂದು ಗೇಜಿಗೆಂದು ಗೇಣುದ್ದದ ಸಣ್ಣ ಪೈಪನ್ನು ಬೆಸೆದಿದ್ದೆ. ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಗಂಜಿ ಜಿನುಗುತ್ತಿತ್ತು. ಉಜ್ಜಿ ಮತ್ತೆ ಬೆಸೆದೆ. ಐದು ತಿಂಗಳಿಗೆ ಮತ್ತೆ ಬಿರುಕು. ದಪ್ಪ ಪೈಪು ಹಾಕಿದೆ. ಮತ್ತೆ. ಎರಡೂ ಕಡೆ ಪಟ್ಟಿ ಹಾಕಿ ಬಿಗಿದೆವು. ಮತ್ತೆ. ಪೈಪಿನ ಮೇಲೆ ಕೈಯಿಟ್ಟರೆ ಹಲ್ಲು ಕಟಕಟ ಎನ್ನುತ್ತಿತ್ತು.

"ಭಾವ, ಇದು ವೆಲ್ಡಿಂಗ್ ತೊಂದರೆ ಅಲ್ಲ. ನಿಮ್ಮ ಪಂಪು ಒದೀತಿದೆ," ಎಂದೆ.

ಭಾವ ಕೈ ಒರೆಸಿಕೊಂಡರು. "ಗಡಿಗೆ ಸರಿ ಇದೆ. ಎಂಬತ್ತು ತೋರಿಸ್ತಿದೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ನೀವು!"

ಈ ಜಗಳ ಕಾರ್ಖಾನೆಯ ಗೇಟು ದಾಟಿ ಊಟದ ತಟ್ಟೆಯವರೆಗೂ ಬಂತು. "ಒಂದು ದಿನನಾದ್ರೂ ಆ ಗಡಿಗೆನ ಅಲ್ಲೇ ಬಿಟ್ಟು ಬರೋಕಾಗಲ್ವಾ ನಿಮ್ಮಿಬ್ಬರಿಗೆ?" ಎಂದು ಅಕ್ಕ ಗದರುತ್ತಿದ್ದಳು. ನನಗೂ ಒಂದು ಮಾತು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬೇಸಿಗೆ ಇರಲಿ, ಚಳಿ ಇರಲಿ, ಚೀಲ ಹೊಸದಾಗಿರಲಿ, ಹಳೆಯದಾಗಿರಲಿ, ಆ ಅಂಕಿ ಒಂದೇ ಒಂದು ಸಲವೂ ಎಪ್ಪತ್ತೊಂಬತ್ತು ಆಗಲಿಲ್ಲವಲ್ಲ, ಯಾಕೆ? ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ನಾವೆಲ್ಲ.

ಒಂದು ಮಂಗಳವಾರ, ಬೆಳಗಿನ ಚಹಾ ಮುಗಿದ ಹೊತ್ತು. ಉದ್ದಣ್ಣ ಆ ಪೈಪಿನ ಗೇಜಿನ ಮುಂದೆ ನಿಂತು ಗಾಜಿನ ಮೇಲಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಸಣ್ಣ ಪೈಪು ಬುಡದಿಂದ ಕಿತ್ತುಬಂತು. ಎಂಬತ್ತು ಕೆಜಿ ಒತ್ತಡದ ಬಿಸಿ ಗಂಜಿ ನೇರ ಅವನ ಮುಖಕ್ಕೆ ಹೊಡೆಯಿತು. ಸಾಬೂನಿನ ಖಾರ, ಮೇಲೆ ಬಿಸಿ. ನಾವು ನೀರು ಸುರಿದೆವು, ತುಂಬ ನೀರು ಸುರಿದೆವು. ಎರಡೂ ಕಣ್ಣು ಹೋದವು. ಭಾವ ಅಲ್ಲಿ ನಿಂತಿದ್ದರೆ ಅವರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಆಮೇಲೆ ಅವರೇ ಗೋಡೆಗೆ ಒತ್ತಿ ನಿಂತು, ನೆತ್ತಿಯ ಮೇಲೆ ಕೈಯಿಟ್ಟು ಅಳೆದು ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ.

ವಿಚಾರಣೆ ಆಯಿತು. ಮೇಜಿನಾಚೆ ಮೂವರು, ಈಚೆ ಭಾವ. ಗಡಿಗೆ ಹೇಗಿತ್ತು ಎಂದು ಕೇಳಿದರು. ಭಾವ ಕೈ ಒರೆಸಿಕೊಂಡು, "ಸರಿ ಇತ್ತು. ಹಿಂದಿನ ದಿನಾನೇ ನೋಡಿದ್ದೆ," ಎಂದರು. ಪುಸ್ತಕ ತೆಗೆದು ತೋರಿಸಿದರು.

"ಹಾಗಾದ್ರೆ ಪೈಪು ಯಾಕೆ ಹೋಯ್ತು ಮೇಷ್ಟ್ರೇ?"

ಅವರು ಒಂದು ಸಲ ನನ್ನ ಕಡೆ ನೋಡಿದರು. "ಬೆಸುಗೆ ಇರಬೇಕು," ಎಂದರು.

ಅದೇ ವಾರ ನನ್ನನ್ನು ತೆಗೆದುಹಾಕಿದರು. ಅವರು ಸುಳ್ಳು ಹೇಳಲಿಲ್ಲ, ತಮಗೆ ನಿಜವೆಂದು ತೋರಿದ್ದನ್ನೇ ಹೇಳಿದರು. ಅದೇ ನನ್ನ ಹೊಟ್ಟೆ ಉರಿಸಿದ್ದು. ಸುಳ್ಳಾಗಿದ್ದರೆ ಕ್ಷಮಿಸಬಹುದಿತ್ತು. ನಾನು ಬಾಡಿಗೆಗೆ ಒಂದು ಶೆಡ್ ಹಿಡಿದು ಕಿಟಕಿಗೆ ಸರಳು, ಗೇಟಿಗೆ ಬಳ್ಳಿ ಬೆಸೆಯುತ್ತಾ ಕೂತೆ. ಗೇಟು ಮಾಡಿಸಲು ಬಂದವರು ಬೆಲೆ ಕೇಳುವ ಮೊದಲು, "ಆ ಪೈಪು ವೆಲ್ಡ್ ಮಾಡಿದೋನು ನೀನೇನಾ?" ಎಂದು ಕೇಳುತ್ತಿದ್ದರು. ಉದ್ದಣ್ಣನ ಹೆಂಡತಿ ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದಳು. ನಾನು ಭಾವನೊಡನೆ ಮಾತು ಬಿಟ್ಟೆ, ಅವರ ಮನೆಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟೆ.

ಭಾವ ಮಾತ್ರ ದಿನವೂ ಪಾಳಿ ಮುಗಿಸಿ ನೇರ ಉದ್ದಣ್ಣನ ಮನೆಗೆ ಹೋಗುತ್ತಿದ್ದರಂತೆ. ಗಡ್ಡ ಹೆರೆಯುವುದು, ಪೇಪರ್ ಓದಿ ಹೇಳುವುದು, ಕೈಹಿಡಿದು ಬೀದಿಯ ತುದಿಯವರೆಗೆ ನಡೆಸಿಕೊಂಡು ಬರುವುದು. ಉದ್ದಣ್ಣ ದಿನಕ್ಕೊಂದು ಸಲವಾದರೂ, "ಅವನ ಕೈ ಸೇದಿಹೋಗ," ಎಂದು ನನ್ನನ್ನು ಶಪಿಸುತ್ತಿದ್ದನಂತೆ. ಭಾವ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ನನಗೆ ಅಕ್ಕ ಹೇಳಿದ್ದು.

ಹೀಗೆ ಹನ್ನೊಂದು ತಿಂಗಳು. ಒಂದು ಮಧ್ಯಾಹ್ನ ನಾನು ಗೇಟೊಂದರ ಮೂಲೆ ಬೆಸೆಯುತ್ತಿದ್ದೆ. ಕಣ್ಣಿನ ಗುರಾಣಿ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಭಾವ ನಿಂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆಯ ಗಂಟು. ನಾನು ಕೂತುಕೊಳ್ಳಿ ಎನ್ನಲಿಲ್ಲ. ಅವರೇ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಗಂಟು ಬಿಚ್ಚಿದರು. ಹಳೆಯ ಕಾಲುಚೀಲದ ಹಾಗೆ ಮುದುಡಿ, ಮಡಿಕೆ ಮಡಿಕೆಯಾಗಿ ಗಟ್ಟಿಯಾದ ಕಪ್ಪು ರಬ್ಬರು ಅದರಲ್ಲಿತ್ತು.

"ಏನಿದು?"

"ಮೂರನೇ ಪಂಪಿನ ಚೀಲ," ಎಂದರು. ಕೈ ಒರೆಸಿಕೊಳ್ಳಲಿಲ್ಲ, ಬಟ್ಟೆ ನೆಲದ ಮೇಲಿತ್ತು.

ಟವರಿನ ರಿಪೇರಿಗೆಂದು ಹದಿನೈದು ದಿನ ಪಂಪುಗಳೆಲ್ಲ ನಿಂತಿದ್ದವಂತೆ. ಸೋಮವಾರ ಬಂತು. ಇವರಿಗೆ ಕೈ ಸುಮ್ಮನಿರುವುದಿಲ್ಲವಲ್ಲ, ನಿಂತ ಪಂಪಿನ ಗಡಿಗೆಗೇ ಗೇಜು ಹಾಕಿದ್ದಾರೆ. ಮುಳ್ಳು ಎರಡು ಕೆಜಿಗೂ ಏರಲಿಲ್ಲ. ಗೇಜು ಕೆಟ್ಟಿದೆ ಎಂದುಕೊಂಡು ಗ್ಯಾಸಿನ ಸಿಲಿಂಡರಿಗೆ ಹಾಕಿ ನೋಡಿದರು, ಗೇಜು ಸರಿಯಾಗಿಯೇ ಇತ್ತು. ಹೊಸದಾಗಿ ಬಂದ ಇಂಜಿನಿಯರಮ್ಮನನ್ನು ಕರೆದರು. ಆಕೆ, "ಇಷ್ಟು ದಿನ ಹೇಗೆ ನೋಡ್ತಿದ್ರಿ ಮೇಷ್ಟ್ರೇ?" ಎಂದು ಕೇಳಿದಳು. ಇವರು ಹೇಳಿದರು. ಆಕೆ ತನ್ನೆರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ತೋರಿಸಿದಳಂತೆ.

"ನಿನ್ನ ಅಂಗೈ ಕೊಡು," ಎಂದರು ಭಾವ. ಕೊಟ್ಟೆ. ತಮ್ಮ ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದು, "ತಳ್ಳು," ಎಂದರು. ತಳ್ಳಿದೆ. "ನಾನು ಎಷ್ಟು ತಳ್ತಿದ್ದೀನಿ?"

"ನಾನು ತಳ್ಳಿದಷ್ಟು."

"ಅಷ್ಟೇ ಕಣೋ. ಪಂಪು ಎಂಬತ್ತರಲ್ಲಿ ಒತ್ತುತ್ತಿದ್ರೆ, ಚೀಲದಲ್ಲಿ ಒಂದು ಹಿಡಿ ಗ್ಯಾಸಿದ್ರೂ ಅದು ಎಂಬತ್ತೇ ತೋರಿಸುತ್ತೆ. ಆರು ವರ್ಷ ನಾನು ಅಳೆದದ್ದು ಚೀಲ ಅಲ್ಲ, ಪಂಪು. ಪಂಪು ನಿಲ್ಲಿಸಿ, ಪೈಪಿನ ಒತ್ತಡ ಪೂರ್ತಿ ಇಳಿಸಿ, ಆಮೇಲೆ ನೋಡ್ಬೇಕಿತ್ತು. ಪಂಪಿನ ಜೊತೆ ಬಂದ ಪುಸ್ತಕದಲ್ಲಿ ಮೊದಲನೇ ಸಾಲೇ ಅದಂತೆ. ಆ ಪುಸ್ತಕ ಮ್ಯಾನೇಜರ ಬೀರುವಿನಲ್ಲಿತ್ತು."

ನನಗೆ ಮೊದಲು ಆದದ್ದು ಸಂತೋಷ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಎದುರಿಗೆ ನನ್ನ ಅಕ್ಕನ ಗಂಡ ಬೂದಿಯ ಹಾಗೆ ಕೂತಿದ್ದರೆ ನನ್ನ ಎದೆಯೊಳಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು: ನನ್ನ ಬೆಸುಗೆ ಅಲ್ಲ, ನನ್ನ ಬೆಸುಗೆ ಅಲ್ಲ.

"ಇನ್ನೂ ಒಂದಿದೆ," ಎಂದರು ಭಾವ. "ಗೇಜು ಬಿಚ್ಚೋವಾಗ ಸೀನ್ತಿತ್ತಲ್ಲ ಗಡಿಗೆ. ಆ ಗ್ಯಾಸು ಎಲ್ಲಿಂದ ಬರ್ತಿತ್ತು ಹೇಳು?"

ನಾನು ರಬ್ಬರಿನ ಕಡೆ ನೋಡಿದೆ.

"ಚೀಲದಿಂದ. ಸೋಮವಾರ ಸೋಮವಾರ ಒಂದೊಂದು ಗುಟುಕು. ಎಂಬತ್ತು ಇದೆ ಅಂತ ಒಂದು ಸಲನೂ ತುಂಬಿಸಲಿಲ್ಲ. ಚೀಲ ಹಳೇದಾಗಿ ಹೋಗಿದ್ದಲ್ಲ ಕಣೋ, ನಾನೇ ಖಾಲಿ ಮಾಡಿದ್ದು. ಪಂಪು ಬಂದ ದಿನದಿಂದ ಅದನ್ನ ಮುಟ್ಟದೆ ಬಿಟ್ಟಿದ್ರೆ ಇನ್ನೂ ಎಷ್ಟೋ ವರ್ಷ ಬರ್ತಿತ್ತು. ಚೆನ್ನಾಗಿ ನೋಡ್ಕೋಬೇಕು ಅಂತ ಹೋಗಿ..." ಅವರು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಅಳುವಾಗಲೂ ಆ ರಬ್ಬರನ್ನು ಬಿಡಿಸಿ ನೇರ ಮಾಡಲು ನೋಡುತ್ತಿದ್ದರು, ಅದು ಬಿಡಿಸಿಕೊಳ್ಳುತ್ತಿರಲಿಲ್ಲ.

ಒಂದು ಲೋಟ ನೀರು ಕೊಟ್ಟು ನಾನು ಹೇಳಿದ್ದು ಇಷ್ಟು: "ಮ್ಯಾನೇಜರಿಗೆ ಹೇಳಿ. ಆಮೇಲೆ ಉದ್ದಣ್ಣನಿಗೆ ಹೇಳಿ."

ಮ್ಯಾನೇಜರಿಗೆ ಮರುದಿನವೇ ಹೇಳಿದರು. ತಪ್ಪು ನನ್ನದು, ವೆಲ್ಡರದಲ್ಲ ಎಂದು ಒಂದು ಪುಟ ಬರೆದುಕೊಂಡು ಹೋಗಿದ್ದರು. ಮ್ಯಾನೇಜರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ಭಾವನ ಜೇಬಿಗೇ ಇಟ್ಟರಂತೆ. "ಮೇಷ್ಟ್ರೇ, ಆ ಎಂಬತ್ತುಗಳ ಕೆಳಗೆಲ್ಲ ನನ್ನ ಸಹಿ ಇದೆ. ವಿಚಾರಣೆ ಮುಗಿದಿದೆ. ನಿಮ್ಮ ನಿವೃತ್ತಿಗೆ ಎಂಟು ತಿಂಗಳಿದೆ. ಹೋಗಿ, ಚಹಾ ಕುಡೀರಿ." ಅಲ್ಲಿಗೆ ಆ ಬಾಗಿಲು ಮುಚ್ಚಿತು. ನನ್ನ ಕೆಲಸ ವಾಪಸ್ ಬರುವುದಿಲ್ಲ ಎಂದು ಗೊತ್ತಾಯಿತು.

ಹೊಸ ಚೀಲ ಹಾಕಿದರು, ಐವತ್ತೈದು ತುಂಬಿಸಿದರು. ಅರ್ಧ ದಿನದ ಕೆಲಸ. ಪಂಪು ಶುರುವಾದಾಗ ಭಾವ ಚಹಾದ ಲೋಟವನ್ನು ಪೈಪಿನ ಮೇಲಿಟ್ಟು ನೋಡಿದರಂತೆ. ಚಹಾದ ಮೇಲೆ ಒಂದು ಗೆರೆಯೂ ಏಳಲಿಲ್ಲ. "ಮಗು ಮಲಗಿದ ಹಾಗಿತ್ತು ಪೈಪು," ಎಂದು ಅಕ್ಕನಿಗೆ ಹೇಳಿ, ಆ ಸಂಜೆ ಊಟ ಮಾಡದೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಉದ್ದಣ್ಣನಿಗೆ ಮಾತ್ರ ಹೇಳಿರಲಿಲ್ಲ. ದಿನವೂ ಹೋಗುತ್ತಿದ್ದರು, ಗಡ್ಡ ಹೆರೆಯುತ್ತಿದ್ದರು, ನನಗೆ ಬೀಳುವ ಶಾಪ ಕೇಳಿಕೊಂಡು ಬರುತ್ತಿದ್ದರು. ನಾನು ಬಿಡಲಿಲ್ಲ. ಸಿಕ್ಕಾಗೆಲ್ಲ ಕೇಳಿದೆ, "ಹೇಳಿದ್ರಾ?" ಎಂದು. ಅವರು, "ನಾಳೆ," ಎನ್ನುತ್ತಿದ್ದರು. ಕೊನೆಗೆ ಅಕ್ಕ ನನ್ನ ಶೆಡ್ಡಿಗೇ ಬಂದಳು.

"ಅವನಿಗೆ ಹೇಳಿದ್ರೆ ಕಣ್ಣು ವಾಪಸ್ ಬರುತ್ತೇನೋ? ಇವರಿಗೆ ಈ ಲೋಕದಲ್ಲಿ ಇರೋದು ಅವನೊಬ್ಬ. ಅವನಿಗೂ ಇವರೊಬ್ಬರೇ. ನಿನ್ನ ಹೆಸರಿಗೋಸ್ಕರ ಅದನ್ನೂ ಕಿತ್ಕೋತೀಯಾ?"

"ನನ್ನ ಹೆಸರು ಅಷ್ಟು ಅಗ್ಗಾನಾ ಅಕ್ಕಾ?"

ಅವಳು ಸೆರಗಿಗೆ ಹತ್ತಿದ ಕಬ್ಬಿಣದ ಪುಡಿ ಕೊಡವಿಕೊಂಡು ಹೊರಟುಹೋದಳು. ನಾನಾದರೂ ಏನು ಮಾಡಲಿ? ಊರಿನವರ ಮಾತು ಹಾಗಿರಲಿ, ಆ ಒಂದು ಮನೆಯಲ್ಲಿ ನನ್ನ ಕೈಗೆ ಶಾಪ ಬೀಳುವುದು ನಿಲ್ಲಬೇಕಿತ್ತು. ನಾನು ಬೇಡಿದ್ದು ಅಷ್ಟೇ. ಅಷ್ಟು ಬೇಡಲು ನನಗೆ ಹಕ್ಕಿತ್ತು ಎಂದು ಇವತ್ತಿಗೂ ಅನ್ನುತ್ತೇನೆ, ಅಂದ ಮೇಲೆ ನಿದ್ದೆ ಬರುವುದಿಲ್ಲ.

ಒಂದು ಭಾನುವಾರ ಸಂಜೆ ನಾನೇ ಅವರ ಜೊತೆಗೆ ಹೊರಟೆ. ಬೇಡ ಎನ್ನಲಿಲ್ಲ. ಉದ್ದಣ್ಣನದು ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಕಾಲಿಗೆ ದಾರದಿಂದ ಕಟ್ಟಿದ ಕೋಲು. ಗೂನು ಹಾಗೆಯೇ ಇತ್ತು, ಈಗ ಬಗ್ಗಿ ದಾಟಲು ಬಾಗಿಲುಗಳೇ ಇರಲಿಲ್ಲ.

"ಇವತ್ತು ಎರಡು ಜೊತೆ ಚಪ್ಪಲಿ ಸದ್ದು. ಯಾರನ್ನ ಕರ್ಕೊಂಡು ಬಂದೆ ಮೇಷ್ಟ್ರೇ?"

"ಹೇಳ್ತೀನಿ. ಮೊದಲು ಗಡ್ಡ ಆಗ್ಲಿ," ಎಂದರು ಭಾವ.

ನೊರೆ ಹಚ್ಚಿದರು. ಕೆನ್ನೆಯ ಸುಟ್ಟ ಗಾಯದ ಮಡಿಕೆಗಳನ್ನು ಎಡಗೈ ಬೆರಳಿಂದ ಎಳೆದು ಹಿಡಿದು, ಒಂದೊಂದೇ ಗೆರೆ ಹೆರೆದರು. ಅಷ್ಟು ನಿಧಾನ ಕೆಲಸವನ್ನು ನಾನು ಕಂಡಿಲ್ಲ. ಒದ್ದೆ ಬಟ್ಟೆಯಿಂದ ಮುಖ ಒರೆಸಿದರು. ಆಮೇಲೆ ತಮ್ಮ ಕೈ ಒರೆಸಿಕೊಂಡರು. ಆಮೇಲೆ ಹೇಳಿದರು. ಗಡಿಗೆ, ಚೀಲ, ಎಂಬತ್ತು, ಎಲ್ಲ. ಯಾವುದನ್ನೂ ಬಿಡಲಿಲ್ಲ, ಮ್ಯಾನೇಜರ ಮೇಲೆ ಹಾಕಬಹುದಾದ್ದನ್ನೂ ಹಾಕಲಿಲ್ಲ.

ಉದ್ದಣ್ಣ ಮುಖವನ್ನು ಕಿಟಕಿಯ ಕಡೆಯೇ ಇಟ್ಟುಕೊಂಡಿದ್ದ. ಒಂದೇ ಒಂದು ಪ್ರಶ್ನೆ ಕೇಳಿದ. "ಸೀನ್ತಿತ್ತಲ್ಲ, ಆಗೆಲ್ಲ ಖಾಲಿ ಆಗ್ತಿತ್ತಾ?"

"ಹೂಂ."

"ನಾನು ನೂರು ವರ್ಷ ಬಾಳು ಅಂತಿದ್ದೆ."

ಒಳಗೆ ಅವನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಿಗೆ ಅವನು ಗಾಳಿಯಲ್ಲಿ ಕೈ ಚಾಚಿದ. "ವೆಲ್ಡರೇ, ಬಂದಿರೋದು ನೀನೇ ಅಲ್ವಾ? ಇಲ್ಲಿ ಬಾ. ನಿನ್ನ ಕೈ ಕೊಡು." ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಬೆರಳು ಬೆರಳು ಮುಟ್ಟಿ ನೋಡಿ, "ತುಂಬ ಬೈದಿದ್ದೀನಿ ಈ ಕೈನ. ಮನಸ್ಸಲ್ಲಿಟ್ಕೋಬೇಡ," ಎಂದ. ಆಮೇಲೆ ಭಾವನ ಕಡೆ ತಿರುಗಿದ. ಕಣ್ಣಿಲ್ಲದಿದ್ದರೂ ಸರಿಯಾಗಿ ಅವರ ಕಡೆಗೇ ತಿರುಗಿದ.

"ನೀವಿನ್ನು ಹೊರಡಿ ಮೇಷ್ಟ್ರೇ. ನಾಳೆಯಿಂದ ತೊಂದರೆ ತಗೋಬೇಡಿ."

ಮೂವತ್ತು ವರ್ಷ ನೀನು, ತಾನು, ಲೋ ಎಂದವನು ಅಂದು ನೀವು ಎಂದ. ಕಪಾಳಕ್ಕೆ ಹೊಡೆದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರು. ರೇಜರನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಬಂದರು. ದಾರಿಯುದ್ದಕ್ಕೂ ನಾನು ಅವರಿಗಿಂತ ಎರಡು ಹೆಜ್ಜೆ ಹಿಂದೆ ನಡೆದೆ, ಪಕ್ಕಕ್ಕೆ ಹೋಗುವ ಮುಖ ಇರಲಿಲ್ಲ.

ನನ್ನ ಹೆಸರು ನನಗೆ ವಾಪಸ್ ಬಂತು. ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಾರಾದರೂ ಹೇಳಿದರೆ ಕೇಳುತ್ತೇನೆ. ಮರುದಿನ ಉದ್ದಣ್ಣನ ಹೆಂಡತಿ ಶೆಡ್ಡಿಗೆ ಬಂದು, "ಗಡ್ಡ ಮಾಡೋಕೆ ಯಾರೂ ಇಲ್ಲ, ನೀನು ಬರ್ತೀಯೇನೋ ಕೇಳು ಅಂದ್ರು," ಎಂದಳು. ಹೋದೆ. ಅಂದಿನಿಂದ ದಿನವೂ ಹೋಗುತ್ತಿದ್ದೇನೆ. ಭಾವ ಇಟ್ಟುಹೋದ ರೇಜರಿನಿಂದಲೇ ಹೆರೆಯುತ್ತೇನೆ, ಅವರು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತೇನೆ. ಉದ್ದಣ್ಣ ಅದೂ ಇದೂ ಮಾತಾಡುತ್ತಾನೆ, ಒಮ್ಮೊಮ್ಮೆ ನಗುತ್ತಾನೆ ಕೂಡ. ಭಾವನ ಹೆಸರು ಮಾತ್ರ ಎತ್ತುವುದಿಲ್ಲ. ನಾನು ಎತ್ತಿದರೆ, "ಮುಂದಿನ ಪುಟ ಓದು," ಎನ್ನುತ್ತಾನೆ.

ಭಾವ ನಿವೃತ್ತರಾದರು. ಹಾರ ಹಾಕಿ ಇನ್ನೊಂದು ಕೈಗಡಿಯಾರ ಕೊಟ್ಟರು; ಅದರ ಪೆಟ್ಟಿಗೆಯನ್ನು ಅಕ್ಕ ಇನ್ನೂ ತೆರೆದಿಲ್ಲ. ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ. ನಾನು ಉದ್ದಣ್ಣನ ಮನೆಯಿಂದ ಬರುವ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುತ್ತಾರೆ. ಕೇಳುವುದು ಒಂದೇ ಪ್ರಶ್ನೆ.

"ನನ್ನ ವಿಷಯ ಕೇಳಿದ್ನಾ?"

ಮೊದಲ ದಿನ ಅವರ ಮುಖ ನೋಡಿ ನಾನು, "ಕೇಳ್ದ. ಹೇಗಿದ್ದಾರೆ ಅಂದ," ಎಂದುಬಿಟ್ಟೆ. ಎರಡನೇ ದಿನ ಬೇರೆ ಏನು ಹೇಳಲಿಕ್ಕಾಗುತ್ತದೆ? ಕೇಳ್ದ ಎಂದೆ. ಮೂರನೇ ದಿನವೂ ಅದೇ. ಭಾವ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು, ಆಮೇಲೆ ಎರಡು ತುತ್ತು ಉಣ್ಣುತ್ತಿದ್ದರು. ಅದಕ್ಕಾಗಿಯಾದರೂ ಹೇಳಬೇಕು ಎಂದು ಅಕ್ಕ ಕಣ್ಣಲ್ಲೇ ನನ್ನನ್ನು ಬೇಡುತ್ತಿದ್ದಳು. ಹೀಗೆ ನಾಲ್ಕು ತಿಂಗಳು ಹೇಳಿದೆ.

ಕಳೆದ ವಾರ ನಾನು ಎಂದಿನಂತೆ, "ಕೇಳ್ದ ಭಾವ, ಹೇಗಿದ್ದಾರೆ ಅಂದ," ಎಂದೆ. ಭಾವ ಒಳಗೆ ಹೋಗಲಿಲ್ಲ. ಸೊಂಟದಲ್ಲಿ ಬಟ್ಟೆ ಇರಲಿಲ್ಲ. ಅಂಗಿಯ ತುದಿಯಿಂದಲೇ, ಕೊಳೆಯಿಲ್ಲದ ಎರಡೂ ಕೈಯನ್ನು ಒರೆಸಿಕೊಂಡರು.

"ದಿನಾ ಅದೇ ಹೇಳ್ತೀಯಲ್ಲೋ," ಎಂದರು.

"ದಿನಾ ಕೇಳ್ತಾನೆ ಭಾವ."

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. "ಎಂಬತ್ತು," ಎಂದರು.

ಒಳಗೆ ಹೋಗಿ ಮಲಗಿದರು. ಮರುದಿನ ನಾನು ಬಂದಾಗ ಜಗಲಿಯಿಂದ ಏಳಲಿಲ್ಲ, ಏನೂ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ.